ಆಟೋ ಚೇಂಜ್‌ಓವರ್ ಮತ್ತು ಶೇಂಗಾ ಹೋಳಿಗೆ

ಕೆಲವರಿಗೆ ಬಂಗಾರದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು, ನನಗೆ ಸ್ವಿಚ್ಚಿನ ಹುಚ್ಚು. ದಾಂಡೇಲಿಯ ಗಿರಣಿಯಲ್ಲಿ ಜೀವಮಾನವೆಲ್ಲ ಪ್ಯಾನೆಲ್ ಬೋರ್ಡಿನ ಮುಂದೆ ನಿಂತವನಿಗೆ ಇನ್ನೇನು ಹುಚ್ಚು ಹಿಡಿದೀತು? ನಿವೃತ್ತನಾದ ಮೇಲೆ ಹಳೆಯ ಟೆಂಪೋ ಒಂದನ್ನು ಕೊಂಡು, ಒಳಗೆ ಮಂಚ, ಒಲೆ, ಫ್ಯಾನು, ಟಿ.ವಿ. ಎಲ್ಲ ಕೂರಿಸಿ ಓಡಾಡುವ ಮನೆ ಮಾಡಿದೆ. ಊರೂರು ತಿರುಗೋಣ ಎಂದು ಹೆಂಡತಿ ಗಿರಿಜಾಗೆ ಮಾತು ಕೊಟ್ಟೆ. ಅವಳು ಕೇಳಿದ್ದು ಒಂದೇ ಊರು, ಮುಂಡಗೋಡದ ಹತ್ತಿರದ ಇಂದೂರು. ಅಲ್ಲಿ ಅವಳ ಅಕ್ಕ ಮಂಡಿನೋವಿನಿಂದ ಹೊಸ್ತಿಲು ದಾಟಲಾರದೆ ಕೂತಿದ್ದಾಳೆ. ಗಾಡಿ ಪೂರಾ ತಯಾರಾಗಲಿ, ಮೊದಲು ಅಲ್ಲಿಗೇ ಹೋಗೋಣ ಎಂದೆ.

ಪರೀಕ್ಷೆಗೆಂದು ಗಾಡಿಯನ್ನು ಕುಳಗಿಯ ಕಾಡಿನ ಕ್ಯಾಂಪಿಗೆ ಒಯ್ದು ಅಲ್ಲಿನ ಕರೆಂಟಿಗೆ ವೈರು ಜೋಡಿಸಿದೆ. ಚಹಾ ಕುಡಿಯುವಾಗ ಕರೆಂಟು ಹೋಯಿತು. ಟಿ.ವಿ. ಬಾಯಿ ಮುಚ್ಚಿದ್ದೇ ತಡ, ಗಿರಿಜಾ, "ಅಕ್ಕನ್ನ ನೋಡಿ ಭಾಳ ದಿನಾ ಆತ್ರಿ" ಎಂದಳು. ನಾನು ಹೂಂಗುಟ್ಟುತ್ತಲೇ ಕೆಳಗಿಳಿದು, ಗಾಡಿಯ ಜನರೇಟರ್ ಹಚ್ಚಿ, ಲೈನನ್ನು ಅದಕ್ಕೆ ಹೊರಳಿಸುವ ಚೇಂಜ್‌ಓವರಿನ ಹಿಡಿಕೆ ತಿರುಗಿಸಿದೆ. ಮತ್ತೆ ಗಾಡಿ ಹತ್ತುವಾಗ ಅಕ್ಕ ನನ್ನ ತಲೆಯಿಂದ ಹೋಗಿಯಾಗಿತ್ತು. ಕರೆಂಟು ಹೋದರೆ ತಾನಾಗಿ ಜನರೇಟರಿಗೆ ಹೊರಳುವ ಆಟೋ ಚೇಂಜ್‌ಓವರ್ ಹಾಕಿಸದೆ ಈ ಗಾಡಿ ಎಲ್ಲಿಗೂ ಹೊರಡುವುದಿಲ್ಲ ಎಂದು ತೀರ್ಮಾನಿಸಿದೆ.

ಆಮೇಲೆ ಶುರುವಾದದ್ದು ಹಳಿಯಾಳದ ಶಬ್ಬೀರ್ ಸಾಹೇಬರ ಎಲೆಕ್ಟ್ರಿಕ್ ಅಂಗಡಿಗೆ ನನ್ನ ದಂಡಯಾತ್ರೆ. ಅವರು ಎರಡು ಬಗೆಯವನ್ನು ಮುಂದಿಟ್ಟರು. ಒಂದು ಕಣ್ಣು ಮಿಟುಕಿಸುವುದರೊಳಗೆ ಹೊರಳುವಂಥದು, ಇನ್ನೊಂದು ಜನರೇಟರ್ ಹದಕ್ಕೆ ಬರುವ ತನಕ ಕಾಯುವಂಥದು. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಯೋಚನೆ ಮಾಡಿರಲಿಲ್ಲ. ಕೊನೆಗೊಮ್ಮೆ ಇಡೀ ದಿನ ಅಲ್ಲೇ ಕೂತು, ಅಂಗಡಿಯ ಹೊರಗೆ ಬೆಳಕಿಗೆ ಹಿಡಿದು ನೋಡಿ, ಕಾಯುವಂಥದನ್ನೇ ಆರಿಸಿ ಸಂಜೆ ಮನೆಗೆ ತಂದೆ. ಅದರ ಗುಣಗಾನ ಮಾಡುತ್ತಿದ್ದರೆ ಗಿರಿಜಾ ತಾಟಿನಲ್ಲಿ ಶೇಂಗಾ ಹೋಳಿಗೆ ತಂದಿಟ್ಟಳು. ತಿಂದೆ. ಚೆನ್ನಾಗಿವೆ ಎಂದೂ ಹೇಳಿದೆ.

ಸ್ವಿಚ್ಚು ಕೂತಿತು, ಗಾಡಿ ಪೂರಾ ಆಯಿತು. ನಿನ್ನೆ ಮುಂಜಾನೆ ಎದೆಯುಬ್ಬಿಸಿಕೊಂಡು, "ನಡಿ, ಇಂದೂರಿಗೆ ಹೋಗೂಣು" ಎಂದೆ. ಗಿರಿಜಾ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ನಾ ಹೋಗಿ ಬಂದೇನ್ರಿ. ನೀವು ಸ್ವಿಚ್ ತಂದ ದಿನಾನ. ಹಳಿಯಾಳ ಸ್ಟ್ಯಾಂಡಿನ್ಯಾಗ ಬಸ್ ಬದಲಿ ಮಾಡಿದೆ. ಬಸ್ಸಿನ್ಯಾಗಿಂದ ನೀವು ಕಂಡ್ರಿ, ಅಂಗಡಿ ಮುಂದ ಸ್ವಿಚ್ ಎತ್ತಿ ಹಿಡದು ನೋಡಾಕತ್ತಿದ್ರಿ. ಯಾಕ ಕರೀಬೇಕು ಅಂತ ಸುಮ್ಮನಾದೆ."

ನಾನು ಬಾಯಿ ತೆರೆಯುವ ಮೊದಲೇ, "ಹೋಳಿಗಿ ಅಕ್ಕ ಕುಂತಲ್ಲೇ ಮಾಡಿ ಕಟ್ಟಿ ಕೊಟ್ಲು. ಎಲ್ಲೀವು ಅಂತ ಕೇಳ್ತೀರೇನೋ ಅಂದ್ಕೊಂಡಿದ್ದೆ" ಎಂದಳು.

ಸಿಟ್ಟು ಮಾಡಿದ್ದರೆ ವಾಸಿಯಿತ್ತು. ಮಾಡಲಿಲ್ಲ. ಆ ಹೋಳಿಗೆಯನ್ನು ಇನ್ನೊಮ್ಮೆ, ಎಲ್ಲಿಯವು ಎಂದು ಕೇಳಿ ತಿನ್ನುವಂತಿದ್ದರೆ ಎನಿಸಿತು.

ಗಾಡಿ ಈಗಲೂ ಅಂಗಳದಲ್ಲೇ, ಮನೆಯ ಕರೆಂಟಿಗೆ ವೈರು ಜೋಡಿಸಿಕೊಂಡು ನಿಂತಿದೆ. ಇವತ್ತೂ ಕರೆಂಟು ಹೋಯಿತು. ಸ್ವಿಚ್ಚಿಗೆ ಅದು ಆ ಕ್ಷಣವೇ ಗೊತ್ತಾಗಿ, ಕಾಯುವಷ್ಟು ಕಾದು, ತಾನಾಗಿ ಹೊರಳಿತು. ಅವತ್ತು ಹೆಂಡತಿ ಇಡೀ ದಿನ ಮನೆಯಲ್ಲಿ ಇರಲಿಲ್ಲ ಎಂಬುದು ನನಗೆ ಮಾತ್ರ ಅವಳೇ ಹೇಳಿದ ಮೇಲೆ ಗೊತ್ತಾಯಿತು.