ಕೂಲ್ ಜಾಝಿಗೊಂದು ಒನ್ಸ್ ಮೋರ್

ಸಂತೋಷವಾದಾಗ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ನನಗೆ ಬರುವುದಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ನಾಲ್ಕನೇ ಕ್ಲಾಸಿನಲ್ಲಿ ಅದನ್ನು ಹೇಳಿಕೊಡುತ್ತಿದ್ದರೋ ಏನೋ. ಸಾಲದ್ದಕ್ಕೆ ನಮ್ಮದು ಗುಬ್ಬಿ. ಕಂಪನಿ ನಾಟಕ ನೋಡಿಕೊಂಡು ಬೆಳೆದವರು. ರಾಜನ ಪಾತ್ರದವನು ಹಾಡು ಹೇಳಿ ಸತ್ತು ಬಿದ್ದರೆ, ಹಾಡು ಚೆನ್ನಾಗಿತ್ತು ಅನ್ನಿಸಿದರೆ, "ಒನ್ಸ್ ಮೋರ್!" ಎಂದು ಕೂಗುತ್ತಿದ್ದೆವು. ಅವನು ಎದ್ದು, ಕಿರೀಟ ಸರಿಮಾಡಿಕೊಂಡು, ಇನ್ನೊಂದು ಸಲ ಹಾಡಿ, ಮತ್ತೆ ಸಾಯುತ್ತಿದ್ದ. ಕಲಾವಿದರಿಗೆ ಮರ್ಯಾದೆ ಕೊಡುವುದು ಎಂದರೆ ನಮಗೆ ಗೊತ್ತಿದ್ದದ್ದು ಅಷ್ಟೇ.

ಆದ್ದರಿಂದಲೇ ಮೊಮ್ಮಗಳು ಸಿಂಚನಾ ತುಮಕೂರಿನ ತನ್ನ ಕಾರ್ಯಕ್ರಮಕ್ಕೆ ಕರೆಯುವಾಗ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. "ಅಜ್ಜಿ, ಇದು ಕೂಲ್ ಜಾಝು. ಅಮೆರಿಕದ ಹಳೇ ವಾದ್ಯಗಾರರ ನೆನಪಿಗೆ ಮಾಡ್ತಿರೋದು. ತಣ್ಣಗೆ ಕೂತು ಕೇಳ್ಬೇಕು. ಕೂಗಲ್ಲ ಅಂತ ನನ್ ತಲೆ ಮುಟ್ಟಿ ಹೇಳು." ಮುಟ್ಟಿ ಹೇಳಿದೆ. ಅವಳ ಭಯಕ್ಕೂ ಕಾರಣವಿತ್ತು. ಅವಳಪ್ಪ, ಅಂದರೆ ನನ್ನ ಮಗ ನಾಗರಾಜ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಜನ ಮೆಚ್ಚಿದ್ರೆ ಮುಂದುವರ್ಸು. ಇಲ್ದಿದ್ರೆ ಆ ಸ್ಯಾಕ್ಸೋಫೋನ್ ಅಟ್ಟಕ್ಕೆ ಹಾಕಿ ಬಿ.ಎಡ್. ಸೇರ್ಕೋ."

ಹೋದೆವು. ವೇದಿಕೆಯ ಮೇಲೆ ನೀಲಿ ಬೆಳಕು. ಡ್ರಮ್ಮಿನ ಹುಡುಗ ಕೋಲು ಬಿಟ್ಟು ಪುಟ್ಟ ಪೊರಕೆಯಂಥದ್ದನ್ನು ಹಿಡಿದು ಡ್ರಮ್ಮಿನ ಮೇಲೆ ಆಡಿಸುತ್ತಿದ್ದ. ಪಾಪ, ಧೂಳು ಜಾಸ್ತಿ ಇರಬೇಕು, ಮೊದಲೇ ಗುಡಿಸಿಕೊಂಡು ಬರಬಾರದಿತ್ತೇ ಅಂದುಕೊಂಡೆ. ಆಮೇಲೆ ನೋಡಿದರೆ ಅದೇ ತಾಳವಂತೆ!

ಅಷ್ಟರಲ್ಲಿ ಸಿಂಚನಾ ಮುಂದೆ ಬಂದು ಒಬ್ಬಳೇ ಊದಿದಳು. ಅಯ್ಯೋ, ಏನು ಹೇಳಲಿ! ಬಿಸಿ ಮುದ್ದೆಯ ಮೇಲೆ ತುಪ್ಪ ಜಾರಿದಂತೆ ಇಳಿದು ಬಂತು. ಊದಿ ಮುಗಿಸಿ ತಲೆ ಎತ್ತಿದಳು. ಸಭೆ ಸ್ತಬ್ಧ. ಇಂಥದ್ದಕ್ಕೆ ಯಾವಾಗ ಚಪ್ಪಾಳೆ ತಟ್ಟಬೇಕೆಂದು ಅಲ್ಲಿ ಯಾರಿಗೂ ತಿಳಿದಂತಿರಲಿಲ್ಲ. ಮಗುವಿನ ಮುಖ ಬಾಡಿತು. ಪಕ್ಕದಲ್ಲಿ ನಾಗರಾಜ, "ನೋಡ್ದಾ ಅಮ್ಮ, ಒಬ್ರೂ ಕೈ ತಟ್ಲಿಲ್ಲ" ಎಂದ.

ಆಣೆ, ತಲೆ, ಅಮೆರಿಕ ಎಲ್ಲ ಮರೆತುಹೋಯಿತು. ಎದ್ದು ನಿಂತವಳೇ ಕೂಗಿದೆ: "ಒನ್ಸ್ ಮೋರ್!"

ಪಿಯಾನೋ ಮುಂದೆ ಕೂತಿದ್ದ ಗಡ್ಡದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, ಅವಳಿಗೆ ಕೈಸನ್ನೆ ಮಾಡಿದರು. ಅವಳು ಮತ್ತೆ ಊದಿದಳು. ಈ ಸಲ ಚಪ್ಪಾಳೆಯೋ ಚಪ್ಪಾಳೆ. ಯಾರೋ ಸೀಟಿ ಹೊಡೆದರು. ತಿರುಗಿ ನೋಡಿದರೆ ನಾಗರಾಜ!

ಬಸ್ಸಿನಲ್ಲಿ ಸಿಂಚನಾ ತರಾಟೆಗೆ ತೆಗೆದುಕೊಂಡಳು. "ತಲೆ ಮುಟ್ಟಿ ಹೇಳಿ ಮೋಸ ಮಾಡ್ದಲ್ಲಜ್ಜಿ!"

"ನೀನೇನ್ ಕಮ್ಮಿನೇ? ನಾನು ಕೇಳಿದ್ದೇ ಒಂದು, ನೀನು ಊದಿದ್ದೇ ಇನ್ನೊಂದು."

"ಜಾಝಲ್ಲಿ ಅವತ್ತಿಗೆ ಹೊಳೆದಂಗೆ ನುಡ್ಸೋದು ಕಣಜ್ಜಿ. ಮೊದ್ಲು ನುಡಿಸಿದ್ದು ಮತ್ತೆ ನನಗೂ ಬರಲ್ಲ."

ಮುಂದಿನ ಸೀಟಿನಿಂದ ನಾಗರಾಜ, "ಆ ಬಿ.ಎಡ್. ಬುಡು ಅತ್ಲಾಗೆ. ಮುಂದಿನ್ ಪ್ರೋಗ್ರಾಮ್ ಯಾವಾಗ?" ಎಂದ.

ಅಂದಿನಿಂದ ನಮ್ಮ ಬೀದಿಯವರಿಗೆಲ್ಲ ಈ ಕಥೆ ಹೇಳುತ್ತಿದ್ದೇನೆ. ಹೇಳಿದ ಹಾಗೆಲ್ಲ ಚಪ್ಪಾಳೆ ಇನ್ನಷ್ಟು ಜೋರಾಗುತ್ತಿದೆ. ಆದರೆ ಕೇಳಿದವರು ಒಬ್ಬರಾದರೂ ಇನ್ನೊಂದು ಸಲ ಹೇಳಿ ಅನ್ನಬೇಡವೇ? ಮೊನ್ನೆ ಎದುರುಮನೆಯ ಜಯಮ್ಮ ನನ್ನನ್ನು ಕಂಡವಳೇ, "ಕುಕ್ಕರ್ ಕೂಗ್ತು ಕಣಕ್ಕ" ಎಂದು ಒಳಗೆ ಓಡಿದಳು. ಅವತ್ತು ಏಕಾದಶಿ, ಅವರ ಮನೆಯಲ್ಲಿ ಒಲೆಯನ್ನೇ ಹಚ್ಚುವುದಿಲ್ಲ.