ಮಗಳ ಮೊಡವೆಯೂ ನನ್ನ ಮೀಸೆಯೂ

ಓದದೆ ಬದುಕಬಹುದಾದ ಕಾಗದಗಳು ಈ ಜಗತ್ತಿನಲ್ಲಿ ಬಹಳ ಇವೆ ಎಂದು ನಾನು ನಂಬಿದ್ದೆ. ಔಷಧಿಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುತ್ತದಲ್ಲ, ಆ ಕಾಗದ ಅವುಗಳಲ್ಲಿ ಮೊದಲನೆಯದು. ನೀವೂ ಅದನ್ನು ಓದಿರಲಿಕ್ಕಿಲ್ಲ. ಒಮ್ಮೆ ಬಿಡಿಸಿದರೆ ಮತ್ತೆ ಮಡಿಸಲು ಬರುವುದಿಲ್ಲ, ಅಕ್ಷರಗಳು ಸಾಸಿವೆಗಿಂತ ಸಣ್ಣವು, ಓದುತ್ತ ಹೋದರೆ ಇಲ್ಲದ ರೋಗಗಳೆಲ್ಲ ಇವೆ ಅನ್ನಿಸತೊಡಗುತ್ತದೆ. ಆದ್ದರಿಂದ ಎಸೆಯುತ್ತೀರಿ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನನ್ನ ವಿಷಯ ಮಾತ್ರ ಸ್ವಲ್ಪ ಬೇರೆ. ಆ ಕಾಗದವನ್ನು ಡಬ್ಬಿಯೊಳಗೆ ಇಡಿಸುವವನೇ ನಾನು. ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ ಮುಲಾಮು ತಯಾರಿಸುವ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೇಲ್ವಿಚಾರಕನಾಗಿದ್ದೇನೆ. ಟ್ಯೂಬಿನ ಬಾಲ ನೆಟ್ಟಗೆ ಮಡಿಸಿದೆಯೋ, ಮುಚ್ಚಳ ಬಿಗಿಯಾಗಿದೆಯೋ, ಡಬ್ಬಿಯೊಳಗೆ ಕಾಗದ ಬಿದ್ದಿದೆಯೋ ಎಂದು ನೋಡುವುದು ನನ್ನ ಕೆಲಸ. ಕಾಗದವಿಲ್ಲದ ಒಂದು ಡಬ್ಬಿಯೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ. ಕಾಗದದಲ್ಲಿ ಏನಿದೆ ಎಂದು ನೋಡುವುದು ನನ್ನ ಕೆಲಸವಾಗಿರಲಿಲ್ಲ.

ಈ ನೌಕರಿಯ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಭಾಲ್ಕಿಯಿಂದ ಒಂದು ಟ್ರಂಕು ಹೊತ್ತುಕೊಂಡು ಬಂದವನು ನಾನು. ಇಂದಿಗೂ ಯಾವ ಔಷಧಿ ಅಂಗಡಿಗೆ ಹೋದರೂ ಅಲ್ಲಿರುವ ಟ್ಯೂಬೊಂದನ್ನು ತಿರುಗಿಸಿ ಬಾಲದ ಮಡಿಕೆ ನೋಡಿ, ನಮ್ಮದಾದರೆ ತಲೆದೂಗುತ್ತೇನೆ, ನಮ್ಮದಲ್ಲದಿದ್ದರೆ ನಿಟ್ಟುಸಿರು ಬಿಡುತ್ತೇನೆ. ನಮ್ಮ ಗಲ್ಲಿಯಲ್ಲಿ ಬೀದರ, ಕಲಬುರಗಿ ಕಡೆಯ ಏಳೆಂಟು ಮನೆಗಳಿವೆ. ಯಾರಿಗೆ ತುರಿಕೆಯಾದರೂ, ಯಾರ ಮಗು ಮೊಣಕಾಲು ತರಚಿಕೊಂಡರೂ ಮೊದಲು ನನ್ನ ಬಾಗಿಲಿಗೆ ಬರುತ್ತಾರೆ. ಕಾರ್ಖಾನೆಯಿಂದ ಒಂದು ಟ್ಯೂಬನ್ನೂ ಮನೆಗೆ ತಂದವನಲ್ಲ ನಾನು. ಬಾಯಿಂದ ಹೆಸರು ಹೇಳುತ್ತೇನೆ, ಅವರು ಅಂಗಡಿಗೆ ಹೋಗುತ್ತಾರೆ. ‘ಅರ್ಧ ಡಾಕ್ಟರು’ ಎಂದು ಅವರು ನನ್ನನ್ನು ಕರೆಯುವಾಗ ಉಳಿದ ಅರ್ಧ ಎಲ್ಲಿ ಹೋಯಿತು ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಹೀಗಿರುವಾಗ ನನ್ನ ಮಗಳು ಶ್ರಾವಣಿಯ ಮುಖದ ಮೇಲೆ ಮೊಡವೆ ಎದ್ದವು. ಅವಳು ಹನ್ನೆರಡನೆಯ ಕ್ಲಾಸು ಮುಗಿಸಿ ಕಾಲೇಜು ಸೇರಿದ ವರ್ಷ. ಮೊದಲು ಗಲ್ಲದ ಮೇಲೆ ಎರಡು, ಆಮೇಲೆ ಹಣೆಯ ತುಂಬ. ನಾನು ಒಳಗೊಳಗೆ ಖುಷಿಪಟ್ಟೆ ಎಂದರೆ ನೀವು ನನ್ನನ್ನು ಕೆಟ್ಟ ತಂದೆ ಎನ್ನುತ್ತೀರಿ. ಆದರೆ ನಮ್ಮ ಮನೆಗೆ ನಮ್ಮ ಕಾರ್ಖಾನೆಯ ಮಾಲು ಬೇಕಾದ ರೋಗ ಬಂದದ್ದು ಅದೇ ಮೊದಲು. ಮೊಡವೆಗೆ ಹಚ್ಚುವ ಆ್ಯಂಟಿಬಯಾಟಿಕ್ ಜೆಲ್ಲು ನಮ್ಮ ಮೂರನೆಯ ಸಾಲಿನಲ್ಲಿಯೇ ಪ್ಯಾಕ್ ಆಗುತ್ತದೆ. ಅಂದೇ ಸಂಜೆ ಔಷಧಿ ಅಂಗಡಿಗೆ ಹೋಗಿ, ಡಾಕ್ಟರ ಚೀಟಿ ಕೇಳಿದವನಿಗೆ ನಾನು ಯಾರೆಂದು ಹೇಳಿ, ಟ್ಯೂಬು ತಂದೆ. ದಾರಿಯಲ್ಲಿ ಕಾಗದವನ್ನು ಎಸೆದೆ.

“ಇದು ನಮ್ಮ ಕೈಯಾಗಿನ ಮಾಲು. ಗುಳ್ಳಿ ಮ್ಯಾಲ ಒಂದೊಂದು ಚುಕ್ಕಿ ಇಡು. ಎಂಟು ದಿನದಾಗ ಮಾರಿ ಕನ್ನಡಿ ಆಗ್ತದ,” ಎಂದೆ ಮಗಳಿಗೆ.

ಎಂಟು ದಿನದಲ್ಲಿ ಅಲ್ಲದಿದ್ದರೂ ಮೂರು ವಾರಗಳಲ್ಲಿ ಮುಖ ತಿಳಿಯಾಯಿತು. ಗಲ್ಲಿಯ ಮನೆಗಳಿಗೆಲ್ಲ ಅವಳನ್ನು ಯಾವುದೋ ನೆಪದಲ್ಲಿ ಕಳಿಸಿ ಪ್ರದರ್ಶನ ಮಾಡಿಸಿದೆ. ಟ್ಯೂಬಿನಲ್ಲಿ ಉಳಿದದ್ದನ್ನು ಹೆಂಡತಿ ಮಹಾದೇವಿಯ ಸೊಳ್ಳೆ ಕಡಿತಕ್ಕೂ ನನ್ನ ಗಡ್ಡದ ಗಾಯಕ್ಕೂ ಬಳಸಿದೆವು. ತಿಂಗಳೊಪ್ಪತ್ತಿನಲ್ಲಿ ಮೊಡವೆಗಳು ಬಳಗ ಕಟ್ಟಿಕೊಂಡು ಹಿಂದಿರುಗಿದವು. ನಾನು ಎರಡನೆಯ ಟ್ಯೂಬು ತಂದೆ. ಅದು ಮೊದಲಿನಷ್ಟು ನಾಟಲಿಲ್ಲ. ಮೂರನೆಯದು ತಂದೆ. ಅದು ಏನೂ ಮಾಡಲಿಲ್ಲ. ಹೀಗೆ ಎಂಟು ತಿಂಗಳು ಕಳೆದವು. ತಪ್ಪು ಟ್ಯೂಬಿನದು ಆಗಲು ಸಾಧ್ಯವೇ ಇರಲಿಲ್ಲವಾದ್ದರಿಂದ ಅದನ್ನು ಮಗಳ ಮೇಲೆ ಹೊರಿಸಿದೆ. ವಡಾಪಾವ್ ತಿನ್ನುತ್ತಾಳೆ, ನಿದ್ದೆಗೆಡುತ್ತಾಳೆ, ಮೊಬೈಲು ಮುಖಕ್ಕೆ ಹಿಡಿಯುತ್ತಾಳೆ ಎಂದು ಪಟ್ಟಿ ಮಾಡಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ನಮ್ಮ ಊರಿನಲ್ಲಿ ಸ್ಕೂಟರ್ ಮೇಲೆ ಹೋಗುವ ಹುಡುಗಿಯರೆಲ್ಲ ಬಿಸಿಲಿಗೆ, ಧೂಳಿಗೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಳ್ಳುತ್ತಾರೆ. ಕಣ್ಣೆರಡು ಬಿಟ್ಟು ಏನೂ ಕಾಣಿಸುವುದಿಲ್ಲ. ಸಿಗ್ನಲ್ಲಿನಲ್ಲಿ ಸ್ವಂತ ಮಗಳು ಪಕ್ಕಕ್ಕೆ ಬಂದು ನಿಂತರೂ ತಂದೆಗೆ ಗುರುತು ಹತ್ತುವುದಿಲ್ಲ. ಶ್ರಾವಣಿಯೂ ಹಾಗೆಯೇ ಸುತ್ತಿಕೊಳ್ಳುತ್ತಿದ್ದಳು, ಕ್ಲಾಸಿಗೆ ಹೋದಾಗ, ಮನೆಗೆ ಬಂದಾಗ ಬಿಚ್ಚುತ್ತಿದ್ದಳು. ಆಮೇಲೆ ಕ್ಲಾಸಿನಲ್ಲಿ ಬಿಚ್ಚುವುದನ್ನು ಬಿಟ್ಟಳು. ಒಂದು ಭಾನುವಾರ ಭಾಲ್ಕಿಯಿಂದ ಮಹಾದೇವಿಯ ಅಣ್ಣ ಬಂದಿದ್ದ. ಶ್ರಾವಣಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ ಅವಳ ಮುಖಕ್ಕೆ ಆ ನೀಲಿ ಸ್ಕಾರ್ಫು ಹಾಗೇ ಇತ್ತು. ಸ್ವಂತ ಮನೆಯಲ್ಲಿ, ಸ್ವಂತ ಸೋದರಮಾವನ ಎದುರು. ಅವಳು ತಟ್ಟೆ ಇಟ್ಟು ಒಳಗೆ ಹೋದಳು. ನನ್ನ ಪಾಲಿನ ಚಹಾವನ್ನೂ ನಾನು ಮಹಾದೇವಿಯ ಅಣ್ಣನ ಕಡೆಗೆ ಸರಿಸಿದೆ.

ಇದೇ ಹೊತ್ತಿಗೆ ನಾಶಿಕದ ಕನ್ನಡಿಗರ ವಾರ್ಷಿಕ ಸ್ನೇಹಕೂಟದವರು ಫೋನು ಮಾಡಿ, ಈ ಸಲ ಮಕ್ಕಳ ಪರವಾಗಿ ಶ್ರಾವಣಿ ಕನ್ನಡದಲ್ಲಿ ಐದು ನಿಮಿಷ ಮಾತಾಡಲಿ ಎಂದರು. ನಾನು ಅವಳನ್ನು ಕೇಳದೆಯೇ ಒಪ್ಪಿಕೊಂಡೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಕಿವಿಗೆ ಬರುತ್ತದೆ, ನಾಲಿಗೆಗೆ ಅಷ್ಟಾಗಿ ಬರುವುದಿಲ್ಲ. ನನ್ನ ಚಿಂತೆ ಅವಳ ನಾಲಿಗೆಯದ್ದಾಗಿತ್ತು. ಅವಳ ಚಿಂತೆ ಮುಖದ್ದಾಗಿತ್ತು.

“ನಾ ಸ್ಟೇಜ್ ಮ್ಯಾಲ ಹೋಗಲ್ಲ ಪಪ್ಪಾ. ಸ್ಕಾರ್ಫ್ ಕಟ್ಕೊಂಡು ಭಾಷಣ ಮಾಡ್ಲಿಕ್ಕೆ ಬರ್ತದೇನು? ಮಲಾ ನಕೋ, ನನಗ ಬ್ಯಾಡ,” ಎಂದಳು.

ಕಾರ್ಯಕ್ರಮಕ್ಕೆ ಐದು ವಾರಗಳಿದ್ದವು. ಮಹಾದೇವಿ ನನ್ನನ್ನು ಏನೂ ಕೇಳದೆ ಉಸ್ಮಾನಪುರಾದ ಚರ್ಮದ ಡಾಕ್ಟರಮ್ಮನ ಹತ್ತಿರ ಹೆಸರು ಬರೆಸಿ ಬಂದಳು. ಅರ್ಧ ಡಾಕ್ಟರು ಮನೆಯಲ್ಲಿರುವಾಗ ಹೆಂಡತಿ ಇಡೀ ಡಾಕ್ಟರ ಹತ್ತಿರ ಹೋಗುವುದು ಎಂಥ ಅವಮಾನ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಖಾಲಿಯಾದ ಮೂರು ಟ್ಯೂಬುಗಳನ್ನು ಜೇಬಿನಲ್ಲಿಟ್ಟುಕೊಂಡು ನಾನೂ ಹೋದೆ.

ಡಾಕ್ಟರಮ್ಮ ಮಗಳ ಮುಖಕ್ಕೆ ದೀಪ ಹಿಡಿದು ನೋಡಿ, ನಾನು ಮೇಜಿನ ಮೇಲಿಟ್ಟ ಟ್ಯೂಬುಗಳನ್ನು ತೋರಿಸಿ, ಇವನ್ನು ಕೊಟ್ಟವರು ಯಾರು ಎಂದು ಕೇಳಿದರು. ನಾನೇ ಎಂದು ಎದೆಯುಬ್ಬಿಸಿ ಹೇಳಿ, ಚಿಕಲಠಾಣಾದ ವಿಷಯವನ್ನೂ ಸೇರಿಸಿದೆ. ಅವರು ಮರಾಠಿಯಲ್ಲಿ ಬಹಳ ಮೆತ್ತಗೆ ಒಂದೇ ಮಾತು ಕೇಳಿದರು. “ಆತ್ಲಾ ಕಾಗದ್ ವಾಚ್ಲಾ ಕಾ?” ಒಳಗಿನ ಕಾಗದ ಓದಿದಿರಾ? ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದೆ.

ಆಮೇಲೆ ಅವರು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಿತು, ಅರ್ಧವನ್ನು ನಾಚಿಕೆ ನುಂಗಿತು. ಕೇಳಿಸಿದ್ದು ಇಷ್ಟು. ಮೊಡವೆಗೆ ಆ್ಯಂಟಿಬಯಾಟಿಕ್ ಜೆಲ್ಲನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚಬಾರದು, ಚರ್ಮದಲ್ಲಿರುವ ಕ್ರಿಮಿಗಳು ಅದಕ್ಕೆ ಪಳಗಿ ಕೊನೆಗೆ ಬಗ್ಗುವುದೇ ಇಲ್ಲ. ಅದರ ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಎನ್ನುವ ಇನ್ನೊಂದು ಮದ್ದು ಇರಬೇಕು. ಎರಡೂ ಸೇರಿದ ಟ್ಯೂಬೇ ಬರುತ್ತದೆ. ಬಟಾಣಿ ಕಾಳಿನಷ್ಟು ತೆಗೆದು, ಚುಕ್ಕಿ ಇಡದೆ, ಮುಖಕ್ಕೆಲ್ಲ ತೆಳ್ಳಗೆ ಸವರಬೇಕು. ಗುಣ ಕಾಣಲು ಎಂಟು ವಾರವಾದರೂ ಬೇಕು. ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂದು ತಾವೇ ಹೇಳುತ್ತಾರೆ, ‘ಬಾಬಾ’ ಹೇಳುವುದು ಬೇಡ. ಬಾಬಾ ಅಂದರೆ ನಾನು.

ಮನೆಗೆ ಬಂದು ಶ್ರಾವಣಿ ಹೊಸ ಡಬ್ಬಿ ತೆರೆದು, ಕಾಗದ ಬಿಡಿಸಿ, ನನ್ನ ಮುಂದೆ ಹರಡಿದಳು. “ಪಪ್ಪಾ, ನಾ ಇಂಗ್ಲಿಷ್ ಓದ್ತೀನಿ. ನೀವು ಕನ್ನಡದಾಗ ಹ್ಯಾಂಗ ಅನ್ನಬೇಕು ಹೇಳ್ರಿ,” ಎಂದಳು. ಸ್ನೇಹಕೂಟದಲ್ಲಿ ಇದನ್ನೇ ಮಾತಾಡುವುದೆಂದು ಅವಳು ತೀರ್ಮಾನಿಸಿದ್ದಳು, ಕಾರಣ ಆಮೇಲೆ ತಿಳಿಯಿತು. ಸೋದರಮಾವ ಬಂದ ದಿನ ನನ್ನ ಮುಖ ಹೇಗಾಯಿತು ಎಂದು ಅವಳು ಸ್ಕಾರ್ಫಿನೊಳಗಿನಿಂದ ನೋಡಿದ್ದಳಂತೆ. ಇಪ್ಪತ್ತೆರಡು ವರ್ಷ ಮುಟ್ಟಿದ ಕಾಗದವನ್ನು ನಾನು ಮೊದಲ ಸಲ ಕೇಳಿದ್ದು ಮಗಳ ಬಾಯಿಂದ. ಕ್ರಿಮಿ ಪಳಗುವುದಕ್ಕೆ ಒಂದು ಮಾತು, ತೆಳ್ಳಗೆ ಸವರುವುದಕ್ಕೆ ಒಂದು ಮಾತು ಹುಡುಕುತ್ತ ಹುಡುಕುತ್ತ ಒಂದು ಸಂಜೆ ಕಳೆಯಿತು. ನಾನು ಹೇಳಿದ ಕನ್ನಡವನ್ನು ಅವಳು ಮರಾಠಿ ಅಕ್ಷರಗಳಲ್ಲಿ ಬರೆದುಕೊಂಡಳು. ಕಾಗದದ ಒಂದು ಬದಿ ಮುಗಿಯುವಷ್ಟರಲ್ಲಿ ಮಹಾದೇವಿ ಊಟಕ್ಕೆ ಕರೆದಳು. ಇನ್ನೊಂದು ಬದಿಯನ್ನು ನಾಳೆ ಓದಿದರಾಯಿತು ಎಂದು ನಾನು ಎದ್ದೆ. ಆ ನಾಳೆಯನ್ನು ನಾನು ಮರೆತೆ. ಅವಳು ಮರೆಯಲಿಲ್ಲ. ಮರುದಿನದಿಂದ ಅವಳ ತಲೆದಿಂಬಿಗೆ ಹಳೆಯ ಬಿಳಿ ಗವಸು ಬಂತು, ಕೈ ಒರೆಸಲು ಬಿಳಿ ಟವೆಲ್ಲು ಬಂತು. ನಮ್ಮ ಹುಡುಗಿ ಎಷ್ಟು ಅಚ್ಚುಕಟ್ಟು ಎಂದು ನಾನು ಹೆಮ್ಮೆಪಟ್ಟೆ.

ಇಲ್ಲಿ ಇನ್ನೊಂದು ಗುಟ್ಟನ್ನು ಹೇಳಲೇಬೇಕು. ಕಾರ್ಯಕ್ರಮಕ್ಕೆ ಎರಡು ವಾರವಿರುವಾಗ ನನಗೂ ಒಂದು ಮೊಡವೆ ಎದ್ದಿತು. ಐವತ್ತೊಂದನೆಯ ವಯಸ್ಸಿನಲ್ಲಿ, ಮೀಸೆಯ ಬಲಭಾಗದ ಬುಡದಲ್ಲಿ, ಕಡಲೆಯಷ್ಟು ದಪ್ಪ. ವಡಾಪಾವ್ ವಿಷಯದಲ್ಲಿ ಅಷ್ಟೆಲ್ಲ ಮಾತಾಡಿದವನು ಯಾವ ಬಾಯಿಂದ ಹೇಳಿಕೊಳ್ಳಲಿ? ಮೀಸೆಗೆ ಹದಿನೈದು ದಿನಕ್ಕೊಮ್ಮೆ ಕರಿ ಬಣ್ಣ ಹಚ್ಚುತ್ತೇನೆ, ಅದು ಆ ಗುಳ್ಳೆಯನ್ನು ಮುಚ್ಚಿಕೊಂಡಿತು. ಮಗಳ ಹೊಸ ಟ್ಯೂಬಿನಿಂದ ದಿನಾ ಕದ್ದು ಹಚ್ಚತೊಡಗಿದೆ. ಬಟಾಣಿ ಕಾಳಿನ ಅಳತೆ ಹುಡುಗಿಯರಿಗೆ. ಟ್ಯೂಬುಗಳ ನಡುವೆ ಬಾಳಿದವನು ನಾನು, ಧಾರಾಳವಾಗಿ ಮೆತ್ತಿಕೊಂಡೆ. ಕಾರ್ಖಾನೆಯಲ್ಲಿ ನಾವೆಲ್ಲ ಮಾಸ್ಕು ಹಾಕಿಕೊಂಡಿರುತ್ತೇವೆ, ಆದ್ದರಿಂದ ಯಾರೂ ಏನೂ ಹೇಳಲಿಲ್ಲ. ಮನೆಯ ಬಚ್ಚಲಿನ ದೀಪ ಮಂಕು, ಅದೂ ಏನೂ ಹೇಳಲಿಲ್ಲ.

ಕಾರ್ಯಕ್ರಮದ ದಿನ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ನಾಶಿಕಕ್ಕೆ ಹೊರಟೆವು. ಶ್ರಾವಣಿಯ ಮುಖದಲ್ಲಿ ಕೆಂಪು ಸ್ವಲ್ಪ ಇಳಿದಿತ್ತು, ಗುಳ್ಳೆಗಳು ಹೋಗಿರಲಿಲ್ಲ. ಎಂಟು ವಾರ ಬೇಕೆಂದಿದ್ದ ಗುಣ ಐದು ವಾರಕ್ಕೆ ಬರಲಿಲ್ಲ. ದಾರಿಯುದ್ದಕ್ಕೂ ಸ್ಕಾರ್ಫು ಸುತ್ತಿಕೊಂಡೇ ಕೂತಿದ್ದಳು. ಸಭಾಗೃಹದಲ್ಲೂ ಬಿಚ್ಚಲಿಲ್ಲ. ಹೆಸರು ಕರೆದಾಗ ಎದ್ದು, ವೇದಿಕೆಯ ಮೆಟ್ಟಿಲವರೆಗೆ ಹೋಗಿ, ಅಲ್ಲೇ ನಿಂತಳು. ತಿರುಗಿ ಬಂದುಬಿಟ್ಟರೆ ಆ ಸ್ಕಾರ್ಫು ಇನ್ನು ಯಾವತ್ತೂ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಹಿಂಬದಿಯ ಗಂಟಿಗೆ ಕೈ ಹಾಕಿದಳು. ನೀಲಿ ಬಟ್ಟೆಯನ್ನು ಬಿಚ್ಚಿ, ಮಡಿಸಿ, ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

“ಎಲ್ಲಾರಿಗಿ ಶರಣು. ನನ್ನ ಕನ್ನಡ ಭಾಳ ಚೊಲೊ ಇಲ್ಲ, ನಡಬರಕ ಮರಾಠಿ ಬಂದ್ರ ಹೊಟ್ಟಿಗಿ ಹಾಕ್ಕೋರಿ. ಇವತ್ತ ನಾ ನನ್ನ ಮಾರಿ ಬಗ್ಗೆ ಮಾತಾಡ್ಲತ್ತೀನಿ. ಈ ಮಾರಿ ಮ್ಯಾಲ ನಮ್ಮ ಪಪ್ಪಾ ಎಂಟು ತಿಂಗಳು ಪ್ರಯೋಗ ಮಾಡ್ಯಾರ.”

ಸಭೆ ನಕ್ಕಿತು. ಅವಳು ಮರಾಠಿ ಅಕ್ಷರದ ಚೀಟಿಯನ್ನು ಒಮ್ಮೆಯೂ ನೋಡಲಿಲ್ಲ. ಅಕ್ಕನ ಟ್ಯೂಬು ತಂಗಿ ಹಚ್ಚುವುದು, ನೆರೆಮನೆಯವರು ಹೇಳಿದ್ದನ್ನು ತಂದು ಮೆತ್ತುವುದು, ಮೂರು ದಿನಕ್ಕೆ ಗುಣವಾಯಿತೆಂದು ಬಿಡುವುದು, ಕ್ರಿಮಿಗಳು ಪಳಗುವುದು, ಎಲ್ಲವನ್ನೂ ನಮ್ಮ ಗಲ್ಲಿಯ ಕನ್ನಡದಲ್ಲಿ ಹೇಳಿದಳು. ಮುಂದಿನ ಸಾಲಿನ ಹುಡುಗಿಯರು ಮೊಬೈಲು ಕೆಳಗಿಟ್ಟು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಮುಖ ತಿರುಗಿಸಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಜೀವಮಾನದಲ್ಲಿ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

“ನಮ್ಮ ಪಪ್ಪಾ ಇಲ್ಲೇ ಅದಾರ. ಪಪ್ಪಾ, ಎದ್ದು ನಿಲ್ರಿ,” ಎಂದಳು.

ಎದ್ದು ನಿಂತೆ. ಮುಖ ಮೇಲೆತ್ತಿ, ಕೈ ಮುಗಿದು, ನಾಲ್ಕೂ ದಿಕ್ಕಿಗೆ ತಿರುಗಿದೆ. ಸಭಾಗೃಹದ ದೊಡ್ಡ ದೀಪಗಳ ಬೆಳಕು ನನ್ನ ಮೇಲೆ ಬಿತ್ತು. ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಉಳಿದ ಸಾಲುಗಳೂ ನಕ್ಕವು. ಶ್ರಾವಣಿ ನನ್ನನ್ನು ಒಂದು ಕ್ಷಣ ನೋಡಿ ಮೈಕು ಹತ್ತಿರಕ್ಕೆ ಎಳೆದುಕೊಂಡಳು.

“ಕಾಗದದ ಹಿಂದಿನ ಬಾಜೂ ಇನ್ನೊಂದು ಮಾತು ಬರದಾರ. ಈ ಔಷಧ ಬಣ್ಣದ ಅರಿವಿ ಬಟ್ಟಿಗಿ, ಕೂದಲಿಗಿ ಹತ್ತಿದ್ರ ಬಣ್ಣ ಹೋಗ್ತದ ಅಂತ. ನನ್ನ ಟ್ಯೂಬ್ ಲಗೂ ಲಗೂ ಯಾಕ ಖಾಲಿ ಆಗ್ಲತ್ತಿತ್ತು, ಈಗ ತಿಳೀತು.”

ನಾನು ಮೀಸೆ ಮುಟ್ಟಿ ನೋಡಿಕೊಂಡೆ, ಮುಟ್ಟಿದರೆ ಬಣ್ಣ ತಿಳಿಯುತ್ತದೆ ಎನ್ನುವವನಂತೆ. ಮಹಾದೇವಿ ಪರ್ಸಿನಿಂದ ಸಣ್ಣ ಕನ್ನಡಿ ತೆಗೆದು ಕೊಟ್ಟಳು. ಎಡಭಾಗ ಕರ್ರಗೆ ಮಿಂಚುತ್ತಿತ್ತು. ಬಲಭಾಗ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿತ್ತು. “ನಿನಗ ಕಂಡಿತ್ತಿಲ್ಲೇನು? ಯಾಕ ಹೇಳ್ಲಿಲ್ಲ?” ಎಂದು ಪಿಸುಗುಟ್ಟಿದೆ. “ಕಂಡಿತ್ತು. ನೀವು ಬೇಕಂತಲೇ ಮಾಡ್ಕೊಂಡೀರಿ ಅನ್ಕೊಂಡೆ. ಈ ವಯಸ್ಸಿನ್ಯಾಗ ಗಂಡಸರಿಗಿ ಏನೇನೋ ಆಸೆ ಬರ್ತಾವಂತ,” ಎಂದಳು ಅವಳು.

ಹಿಂದಿರುಗುವಾಗ ಕಾರಿನಲ್ಲಿ ಶ್ರಾವಣಿ ತನ್ನ ನೀಲಿ ಸ್ಕಾರ್ಫನ್ನು ನನ್ನ ತೊಡೆಯ ಮೇಲಿಟ್ಟಳು. ನಾನು ಅದನ್ನು ಮುಖಕ್ಕೆ ಸುತ್ತಿಕೊಂಡೆ. ಅದರೊಳಗೆ ನಿಜಕ್ಕೂ ಬಹಳ ನೆಮ್ಮದಿ ಇರುತ್ತದೆ. ಇಷ್ಟು ತಿಂಗಳು ಅವಳು ಇದರೊಳಗೆ ಏಕೆ ಕೂತಿದ್ದಳೆಂದು ಆಗ ನನಗೆ ತಿಳಿಯಿತು.

ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳ ಸಾಲು ಬಂದಾಗ ಮಹಾದೇವಿ ಕಾರು ನಿಲ್ಲಿಸಲು ಹೇಳಿದಳು. ಅವಳು ಸೀರೆ ನೋಡಿ ಮುಗಿಸುವವರೆಗೆ ನಾನೂ ಶ್ರಾವಣಿಯೂ ರಸ್ತೆ ಬದಿಯಲ್ಲಿ ಚಹಾ ಕುಡಿಯುತ್ತ ನಿಂತೆವು. ನಾನು ಸ್ಕಾರ್ಫಿನ ಕೆಳಗಿಂದ ಲೋಟ ತೂರಿಸಿ ಕುಡಿಯುತ್ತಿದ್ದೆ. ಅದೇ ಕಾರ್ಯಕ್ರಮದಿಂದ ಹಿಂದಿರುಗುತ್ತಿದ್ದ ಇನ್ನೊಂದು ಸಂಸಾರ ಅಲ್ಲಿಗೆ ಬಂತು. ಗಂಡ, ಹೆಂಡತಿ, ಹದಿನೈದರ ಒಬ್ಬ ಹುಡುಗಿ. ಆ ಹುಡುಗಿಯ ಗಲ್ಲದ ತುಂಬ ಮೊಡವೆ, ಸ್ಕಾರ್ಫು ಕೊರಳಿಗಿಳಿದಿತ್ತು. ಅವಳು ಶ್ರಾವಣಿಯ ಹತ್ತಿರ ಹೋಗಿ ಮಾತಿಗೆ ನಿಂತಳು. ಅವಳ ತಂದೆ ಸುತ್ತಮುತ್ತ ಕಣ್ಣಾಡಿಸಿ, ನನ್ನನ್ನು ದಾಟಿ ನೋಡಿ, “ನಿಮ್ಮ ತಂದಿಯವರು ಎಲ್ಲಿ ಅದಾರವ್ವ? ಇಂಥ ಮಗಳಿಗಿ ಬೆಳೆಸಿದವ್ರಿಗಿ ಒಂದ್ಸಲ ಕೈ ಮುಗೀಬೇಕು ಅಂತ,” ಎಂದರು.

ಶ್ರಾವಣಿ ನನ್ನ ಕಡೆ ನೋಡಿದಳು. ತೋರಿಸಲಿಲ್ಲ, ಕರೆಯಲಿಲ್ಲ. ತೀರ್ಮಾನ ನನಗೇ ಬಿಟ್ಟಳು. ಸಭಾಗೃಹದಲ್ಲಿ ಮೀಸೆಯ ಸಂಗತಿ ತಿಳಿಯದೆ ಎದ್ದು ನಿಂತಿದ್ದೆ, ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಈಗ ತಿಳಿದಿತ್ತು. ನಾನು ಲೋಟ ಕೆಳಗಿಟ್ಟೆ. ಸ್ಕಾರ್ಫಿನ ಹಿಂಬದಿಯ ಗಂಟು ಬಿಚ್ಚಿದೆ. ಎರಡು ಬಣ್ಣದ ಮೀಸೆಯೊಂದಿಗೆ, ಯೇವಲಾದ ನಡುಬೀದಿಯಲ್ಲಿ, ಸಂಜೆಯ ನಿಚ್ಚಳ ಬೆಳಕಿನಲ್ಲಿ, “ನಾನೇರಿ ಇಕಿ ಅಪ್ಪ,” ಎಂದೆ.