ಕೊನೆಗೂ ಬಾಯಿಬಿಟ್ಟೆ

ಮೊದಲೆಲ್ಲ ನನ್ನನ್ನು ಫಜೀತಿಗಳು ಹುಡುಕಿಕೊಂಡು ಬರುತ್ತಿದ್ದವು. ಈಗ ಸಿಂಧನೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ಪಕ್ಕದ ತರಗತಿಯವರು ಬಂದು, "ಸ್ವಲ್ಪ ಮೆಲ್ಲಕ ಪಾಠ ಮಾಡ್ರಿ ಟೀಚರ್" ಅಂದರೆ ಒಳಗೊಳಗೇ ಖುಷಿ. ಓದುವ ಕಾಲದಲ್ಲಿ ನಾಲ್ಕು ಜನ ಕಂಡರೆ ಸಾಕು, ಮಾತೇ ಹೊರಬರುತ್ತಿರಲಿಲ್ಲ.

ಮಸ್ಕಿಯಲ್ಲಿ ಇಳಿಯಬೇಕಿತ್ತು

ಪಿಯುಸಿಯಲ್ಲಿದ್ದಾಗ ಮಸ್ಕಿಗೆ ಚಿಗವ್ವನ ಮನೆಗೆ ಹೊರಟಿದ್ದೆ. ಲಿಂಗಸುಗೂರು ಬಸ್ಸು, ಕಾಲಿಡಲು ಜಾಗವಿಲ್ಲ. ಮಸ್ಕಿ ಬಂತು. "ದಾರಿ ಬಿಡ್ರಿ" ಅಂದೆ. ನನಗೇ ಕೇಳಿಸಲಿಲ್ಲ. ಮುಂದೆ ನಿಂತ ಹೆಂಗಸು ಅಲುಗಲಿಲ್ಲ, ಬಸ್ಸು ಅಲುಗಿತು. ಲಿಂಗಸುಗೂರಿನಲ್ಲಿ ಎಲ್ಲರೂ ಇಳಿದ ಮೇಲೆ ನಾನೂ ಇಳಿದೆ. ಚಿಗವ್ವನ ಫೋನ್ ಬಂತು.

"ಎಲ್ಲಿದ್ದೀಯಬೇ?"

"ಲಿಂಗಸುಗೂರಾಗ."

"ಅಲ್ಲಿ ಯಾರದಾರ ನಮ್ಮೋರು?"

ಸುತ್ತ ನೋಡಿದೆ. "ಕಂಡಕ್ಟರ್ ಅದಾರ."

ಮೈಕಿನವನ ಪಾಡು

ಡಿಗ್ರಿ ಕಾಲೇಜಿನಲ್ಲಿ ಸ್ವಾಗತ ಭಾಷಣ ನನ್ನ ಪಾಲಿಗೆ ಬಂತು. ವೇದಿಕೆ ಹತ್ತಿದರೆ ಎದುರಿಗೆ ಬರೀ ತಲೆಗಳು. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಮೈಕಿನವನು ಓಡಿ ಬಂದು ಮೈಕು ತಟ್ಟಿದ, ವೈರು ಬದಲಿಸಿದ, "ಹಲೋ ಹಲೋ" ಅಂದ. ಅವನ ದನಿ ಗೇಟಿನ ತನಕ ಕೇಳಿಸಿತು. ನಾನು ನಿಂತರೆ ಮತ್ತೆ ಮೌನ.

"ಎಂಥಾ ಮೈಕ್ ತಂದೀಯೋ?" ಪ್ರಿನ್ಸಿಪಾಲರು ಅವನನ್ನು ಗದರಿದರು.

ಅವನು ನನ್ನ ಹತ್ತಿರ ಬಂದು ಕೈಮುಗಿದ: "ಅಕ್ಕಾ, ಒಂದೀಟು ಬಾಯಿ ತೆಗೀರಿ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ."

ನೋಡಲು ಬಂದವರು

ಡಿಗ್ರಿ ಮುಗಿಯುವ ಹೊತ್ತಿಗೆ ತುರ್ವಿಹಾಳದ ನಮ್ಮ ಮನೆಗೆ ಹೆಣ್ಣು ನೋಡಲು ಬಂದರು. ನನಗೆ ಬಿ.ಎಡ್. ಮಾಡುವಾಸೆ. ಅಪ್ಪನಿಗೆ ಹೇಳುವ ಧೈರ್ಯವೇ ಬಂದಿರಲಿಲ್ಲ. ಹುಡುಗನ ದೊಡ್ಡಪ್ಪ ಚಹಾ ಕುಡಿಯುತ್ತ, "ಹುಡುಗಿ ಭಾಳ ಶಾಂತ ಅದಾಳ. ನಮಗ ಇಂಥಾಕೀನ ಬೇಕು. ಓದಿದ್ದು ಸಾಕು, ಪುಸ್ತಕ ಎಲ್ಲಾ ಇಲ್ಲೇ ಬಿಟ್ಟು ಬರ್ಲಿ" ಅಂದರು. ಎಲ್ಲರೂ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಎದೆಯಲ್ಲಿ ಕೂತಿದ್ದೆಲ್ಲ ಒಮ್ಮೆಲೇ ಎದ್ದು ಬಂತು.

"ನಾ ಈಗ ಲಗ್ನ ಒಲ್ಲೆ! ನಾ ಓದಬೇಕು!"

ದೊಡ್ಡಪ್ಪನ ಚಹಾ ಧೋತರದ ಮೇಲೆ ಚೆಲ್ಲಿತು. ಅಪ್ಪ ಬೆರಗಾಗಿ ನನ್ನ ಕಡೆ ತಿರುಗಿದ. "ಇದನ್ನ ಮೊದಲ ಹೇಳಬಾರ್ದೇನವ್ವಾ?"

ಹೊರಗೆ ಅಂಗಳದಲ್ಲಿ ನಮ್ಮಜ್ಜಿ ಕೂತಿದ್ದಳು. ಕಿವಿಯ ಹತ್ತಿರ ಹೋಗಿ ಎಷ್ಟು ಕೂಗಿದರೂ "ಹಾಂ?" ಅನ್ನುವವಳು. ಅವಳು ಅಲ್ಲಿಂದಲೇ ಒದರಿದಳು:

"ಓದು ಹೋಗಬೇ, ಯಾರು ಬ್ಯಾಡಂದ್ರು! ಅದಕ್ಕ ಅಷ್ಟ್ಯಾಕ ಚೀರ್ತಿ? ನಾ ಏನು ಕಿವುಡಿ ಅನ್ಕೊಂಡೀಯೇನು?"